ಬಿಷಪ್ ಹಾಸಿಸಿದ ಹಾಸಿಗೆ, ಮಾರಿಯುಸ್ ಮನೆಯ ಕುರ್ಚಿ

ಸ್ನೇಹಿತರೇ,

ವಿಕ್ಟರ್ ಹ್ಯೂಗೋನ 'ಲೆ ಮಿಜೆರಾಬ್ಲ್' ಕಾದಂಬರಿಯನ್ನು ಓದದವರಿಗೂ ಅದರ ಒಂದು ದೃಶ್ಯ ಗೊತ್ತಿರುತ್ತದೆ. ಸೆರೆಯಿಂದ ಬಿಡುಗಡೆಯಾಗಿ ಬಂದ ಜಾನ್ ವಾಲ್ಜಾನ್ ತನಗೆ ಅನ್ನವಿಟ್ಟ ಬಿಷಪ್ಪರ ಮನೆಯಲ್ಲೇ ಬೆಳ್ಳಿ ಕದ್ದು ಓಡುತ್ತಾನೆ. ಪೊಲೀಸರು ಕುತ್ತಿಗೆಪಟ್ಟಿ ಹಿಡಿದು ತಂದು ನಿಲ್ಲಿಸುತ್ತಾರೆ. ಬಿಷಪ್ಪರು 'ಅದು ನಾನೇ ಕೊಟ್ಟದ್ದು' ಎಂದು ಹೇಳಿ, ಮನೆಯಲ್ಲಿ ಉಳಿದಿದ್ದ ಎರಡು ಬೆಳ್ಳಿಯ ದೀಪದ ಕಂಬಗಳನ್ನೂ ಅವನ ಕೈಗಿಡುತ್ತಾರೆ. ನಾಟಕದಲ್ಲಿ, ಸಿನಿಮಾದಲ್ಲಿ, ಮಕ್ಕಳ ಪಾಠದಲ್ಲಿ ಈ ದೃಶ್ಯ ಎಷ್ಟು ಸಲ ಬಂದಿದೆಯೆಂದರೆ, ಕ್ಷಮೆ ಎಂದರೆ ಒಬ್ಬ ಸಂತನಿಗೆ ಒಂದು ಬೆಳಗ್ಗೆ ಥಟ್ಟನೆ ಹೊಳೆಯುವ ದೊಡ್ಡತನ ಎಂಬ ಭಾವನೆ ಓದುಗರಲ್ಲಿ ಕೂತುಬಿಟ್ಟಿದೆ.

ಹ್ಯೂಗೋ ಬರೆದದ್ದು ಹಾಗಿಲ್ಲ. ಅವನ ಕಾದಂಬರಿಯಲ್ಲಿ ಕ್ಷಮೆ ಒಂದು ಕೆಲಸ. ಅದಕ್ಕೆ ವರ್ಷಗಟ್ಟಲೆ ತಯಾರಿ ಇದೆ, ಖರ್ಚುವೆಚ್ಚ ಇದೆ, ಇಂತಿಂಥ ಕ್ರಮ ಇದೆ. ಅದು ಎಲ್ಲಿ ಕೈಕೊಡುತ್ತದೆ ಎನ್ನುವುದನ್ನೂ ಅವನು ಬಿಡಿಸಿ ತೋರಿಸಿದ್ದಾನೆ. ಇವತ್ತು ಆ ಕೆಲಸವನ್ನು ಒಂದೊಂದಾಗಿ ನೋಡೋಣ.

ಹ್ಯೂಗೋ ಇದನ್ನು ಬರೆಯಲು ತೊಡಗಿದ್ದು 1845ರಲ್ಲಿ. 1848ರ ಕ್ರಾಂತಿಯ ಗದ್ದಲದಲ್ಲಿ ನಿಂತುಹೋಯಿತು. ದೇಶಭ್ರಷ್ಟನಾಗಿ ಗೆರ್ನ್ಸಿ ದ್ವೀಪದಲ್ಲಿದ್ದಾಗ, 1860ರಲ್ಲಿ, ಹಸ್ತಪ್ರತಿಯನ್ನು ಮತ್ತೆ ಕೈಗೆತ್ತಿಕೊಂಡ. ಪುಸ್ತಕ ಹೊರಬಂದದ್ದು 1862ರಲ್ಲಿ: ಐದು ಭಾಗ, 48 ಪರ್ವ, 365 ಅಧ್ಯಾಯ. ಮೊದಲ ಪರ್ವದ ಹದಿನಾಲ್ಕು ಅಧ್ಯಾಯಗಳಲ್ಲಿ ಜಾನ್ ವಾಲ್ಜಾನ್ ಕಾಣಿಸಿಕೊಳ್ಳುವುದೇ ಇಲ್ಲ. ಅಷ್ಟೂ ದೀನ್ಯ್ ಎಂಬ ಬೆಟ್ಟದೂರಿನ ಬಿಷಪ್ ಮಿರಿಯೆಲ್ ಅವರ ದಿನಚರಿ. ಸಂಕ್ಷಿಪ್ತ ಆವೃತ್ತಿ ಮಾಡುವವರು ಮೊದಲು ಕತ್ತರಿ ಹಾಕುವುದೇ ಈ ಪರ್ವಕ್ಕೆ. ಅಲ್ಲಿಗೆ ಕಥೆಯ ಬೇರೇ ಹೋಯಿತು. ಏಕೆಂದರೆ ಆ ರಾತ್ರಿ ಬಿಷಪ್ಪರು ಮಾಡಿದ ಪ್ರತಿಯೊಂದಕ್ಕೂ ಅಭ್ಯಾಸ ಅಲ್ಲಿ ನಡೆದಿದೆ. ದೀನ್ಯ್‌ನಲ್ಲಿ 1805ರಿಂದ 1838ರವರೆಗೆ ನಿಜವಾಗಿಯೂ ಬಿಷಪ್ಪರಾಗಿದ್ದ ಬಿಯಾಂವೆನ್ಯು ದ ಮಿಯೊಲಿಸ್ ಈ ಪಾತ್ರಕ್ಕೆ ಮೂಲ.

ಆ ಪರ್ವದಲ್ಲಿ ಒಂದು ಲೆಕ್ಕದ ಚೀಟಿ ಇದೆ. ಬಿಷಪ್ಪರಿಗೆ ಸರ್ಕಾರದಿಂದ ವರ್ಷಕ್ಕೆ 15,000 ಫ್ರಾಂಕ್ ಸಂಬಳ. ಅದನ್ನು ಹೇಗೆ ಹಂಚಬೇಕೆಂದು ಅವರು ಊರಿಗೆ ಬಂದ ಹೊಸದರಲ್ಲೇ ಬರೆದಿಟ್ಟಿದ್ದಾರೆ, ಹ್ಯೂಗೋ ಆ ಚೀಟಿಯನ್ನು ಸಾಲುಸಾಲಾಗಿ ಕೊಡುತ್ತಾನೆ. ಬಡವರಿಗೆ 6,000. ಬಡ ಶಾಲಾ ಮೇಷ್ಟ್ರುಗಳ ಸಂಬಳಕ್ಕೆ ಸೇರಿಸಲು 2,000. ಬಡ ಹೆಣ್ಣುಮಕ್ಕಳ ಉಚಿತ ಶಿಕ್ಷಣಕ್ಕೆ 1,500. ತಮ್ಮ ಸ್ವಂತ ಖರ್ಚಿಗೆ 1,000, ಅಷ್ಟೇ. ನಾವು ಇಲ್ಲಿ ನಿಂತು ನೋಡಬೇಕಾದ ಸಾಲುಗಳು ಮೂರು: ಸೆರೆಮನೆಗಳ ಸುಧಾರಣೆಗೆ 400, ಕೈದಿಗಳಿಗೆ ನೆರವು ಮತ್ತು ಬಿಡುಗಡೆಗೆ 500, ಸಾಲ ತೀರಿಸಲಾಗದೆ ಒಳಗೆ ಬಿದ್ದಿರುವ ಸಂಸಾರಸ್ಥರನ್ನು ಬಿಡಿಸಲು 1,000. ಕೂಡಿದರೆ 1,900 ಫ್ರಾಂಕ್. ತಮ್ಮ ಮನೆವಾರ್ತೆಗೆ ಇಟ್ಟುಕೊಂಡದ್ದರ ಹತ್ತಿರ ಹತ್ತಿರ ಎರಡರಷ್ಟು, ಸೆರೆಮನೆಯ ಬಾಬತ್ತಿಗೇ. ವಾಲ್ಜಾನ್ ಬಾಗಿಲು ತಟ್ಟುವುದಕ್ಕೆ ಸುಮಾರು ಒಂಬತ್ತು ವರ್ಷ ಮುಂಚೆಯೇ ಅವನಂಥವರಿಗಾಗಿ ಆ ಮನೆಯ ಆಯವ್ಯಯದಲ್ಲಿ ಜಾಗ ಆಗಿತ್ತು.

ಮನೆಯ ವಿಷಯವೂ ಹೀಗೇ. ಬಿಷಪ್ಪರ ಅರಮನೆ ದೊಡ್ಡದು, ಪಕ್ಕದ ಆಸ್ಪತ್ರೆ ಇಕ್ಕಟ್ಟಿನದು. 26 ರೋಗಿಗಳು ಐದಾರು ಸಣ್ಣ ಕೋಣೆಗಳಲ್ಲಿ; ಇತ್ತ ಮೂರೇ ಜನ, ಅರವತ್ತು ಜನರ ಜಾಗ. 'ಎಲ್ಲೋ ತಪ್ಪಾಗಿದೆ, ನನ್ನ ಮನೆಯಲ್ಲಿ ನೀವಿದ್ದೀರಿ, ನಿಮ್ಮ ಮನೆಯಲ್ಲಿ ನಾನಿದ್ದೇನೆ' ಎಂದು ಬಿಷಪ್ಪರು ಆಸ್ಪತ್ರೆಯ ಮುಖ್ಯಸ್ಥನಿಗೆ ಹೇಳಿ, ಮರುದಿನವೇ ಅದಲು ಬದಲು ಮಾಡಿಸಿದರು. ಹೊಸ ಮನೆಯ ಬಾಗಿಲ ಚಿಲಕ, ಬೀಗಗಳನ್ನೆಲ್ಲ ಕೀಳಿಸಿದರು. ದಾರಿಹೋಕ ಯಾರಾದರೂ ಯಾವ ಹೊತ್ತಿನಲ್ಲಾದರೂ ತಳ್ಳಿದರೆ ತೆರೆದುಕೊಳ್ಳುವ ಅಗುಳಿಯೊಂದೇ ಉಳಿಯಿತು. ತಂಗಿ ಬಾತಿಸ್ತೀನ್‌ಗೂ ಮನೆಗೆಲಸದ ಮದಾಮ್ ಮಾಗ್ಲ್ವಾರ್‌ಗೂ ಇದರ ಭಯ ಇದ್ದೇ ಇತ್ತು. ಹ್ಯೂಗೋ ಆ ಭಯವನ್ನು ಮರೆಮಾಚುವುದಿಲ್ಲ. ಒಬ್ಬರ ಔದಾರ್ಯದ ಹೊರೆ ಮನೆಯ ಹೆಂಗಸರ ಮೇಲೂ ಬೀಳುತ್ತದೆ ಎಂಬುದು ಅವನಿಗೆ ಗೊತ್ತು. ಒಂದೇ ಒಂದು ಐಶ್ವರ್ಯ ಮಾತ್ರ ಮನೆಯಲ್ಲಿ ಉಳಿದಿತ್ತು: ಆರು ಜೊತೆ ಬೆಳ್ಳಿಯ ಚಮಚ-ಫೋರ್ಕು, ಒಂದು ದೊಡ್ಡ ಸೌಟು, ಅಜ್ಜಿ ವರಸೆಯ ಬಂಧುವೊಬ್ಬಳಿಂದ ಬಂದ ಎರಡು ದೀಪದ ಕಂಬ. ಬೆಳ್ಳಿಯಲ್ಲಿ ಉಣ್ಣುವುದನ್ನು ಬಿಡಲು ತಮಗೆ ಕಷ್ಟ ಎಂದು ಬಿಷಪ್ಪರು ಒಪ್ಪಿಕೊಳ್ಳುತ್ತಿದ್ದರು. ಇದನ್ನು ನೆನಪಿಡಿ. ಕದ್ದುಹೋದದ್ದು ಅವರಿಗೆ ಬೇಡವಾಗಿದ್ದ ವಸ್ತುವಲ್ಲ.

ಇನ್ನು ಬಾಗಿಲು ತಟ್ಟಿದವನ ಲೆಕ್ಕ. 1795ರ ಚಳಿಗಾಲದಲ್ಲಿ ಫವೆರೋಲ್ ಊರಿನಲ್ಲಿ, ಅಕ್ಕನ ಏಳು ಮಕ್ಕಳಿಗೆ ತಿನ್ನಲು ಇಲ್ಲದಾಗ, ಬೇಕರಿಯ ಗಾಜು ಒಡೆದು ಒಂದು ರೊಟ್ಟಿ ಕದ್ದ. ಐದು ವರ್ಷ ಕಠಿಣ ದುಡಿಮೆಯ ಸಜೆ. ತುಲೋನ್ ಬಂದರಿನ ಸೆರೆಗೆ ಕೊರಳಿಗೆ ಸರಪಳಿ ಬಿಗಿದು ಗಾಡಿಯಲ್ಲಿ ಸಾಗಿಸಲು 27 ದಿನ ಹಿಡಿಯಿತು. ಅಲ್ಲಿ ಅವನು 24601. ನಾಲ್ಕು ಸಲ ತಪ್ಪಿಸಿಕೊಳ್ಳಲು ನೋಡಿದ, ಪ್ರತಿಸಲವೂ ಸಿಕ್ಕಿಬಿದ್ದ. ಮೊದಲ ಸಲಕ್ಕೆ 3 ವರ್ಷ ಸೇರಿತು, ಎರಡನೆಯದಕ್ಕೆ 5, ಮೂರನೆಯದಕ್ಕೆ 3, ನಾಲ್ಕನೆಯದಕ್ಕೆ ಮತ್ತೆ 3. ಹೀಗೆ ಒಟ್ಟು 19. ಹತ್ತೊಂಬತ್ತು ವರ್ಷದ ದುಡಿಮೆಗೆ 171 ಫ್ರಾಂಕ್ ಸಿಗಬೇಕೆಂದು ಅವನು ಲೆಕ್ಕ ಹಾಕಿಟ್ಟಿದ್ದ. ಅದು ಇದು ಎಂದು ಮುರಿದುಕೊಂಡು 109 ಫ್ರಾಂಕ್ 15 ಸೂ (20 ಸೂ ಎಂದರೆ ಒಂದು ಫ್ರಾಂಕ್) ಕೈಗೆ ಕೊಟ್ಟರು. ಬಿಡುಗಡೆಯ ಮರುದಿನ ಗ್ರಾಸ್ ಊರಿನಲ್ಲಿ ಮೂಟೆ ಇಳಿಸುವ ಕೂಲಿ ಸಿಕ್ಕಿತು. ಉಳಿದವರಿಗೆ ದಿನಕ್ಕೆ 30 ಸೂ. ನಡುವೆ ಪೊಲೀಸಿನವನೊಬ್ಬ ಬಂದು ಕಾಗದ ಕೇಳಿದ್ದರಿಂದ ಇವನ ಗುಟ್ಟು ರಟ್ಟಾಗಿ, ಸಂಜೆ ಕೂಲಿ ಕಡಿತವಾಯಿತು. ಯಾಕೆಂದು ಕೇಳಿದರೆ, 'ನಿನಗೆ ಇಷ್ಟು ಸಾಕು.' ಸರ್ಕಾರ ಸಗಟಾಗಿ ದೋಚಿತು, ಈಗ ಚಿಲ್ಲರೆಯಾಗಿ ದೋಚುವ ಸರದಿ ಜನರದು ಎಂಬರ್ಥದ ಮಾತನ್ನು ಹ್ಯೂಗೋ ಇಲ್ಲಿ ಬರೆಯುತ್ತಾನೆ.

ಆ ಕಾಗದ ಹಳದಿ ಬಣ್ಣದ್ದು. ಹೋಗುವ ದಾರಿ, ಸೇರಬೇಕಾದ ಊರು ಅದರಲ್ಲೇ ನಿಗದಿ. ವಾಲ್ಜಾನ್ ಪೊಂತಾರ್ಲಿಯೆ ಊರಿಗೆ ಹೋಗಬೇಕು, ದಾರಿಯಲ್ಲಿ ಪ್ರತಿ ಊರಿನ ಪುರಭವನದಲ್ಲೂ ತೋರಿಸಬೇಕು. 'ಇವನು ಬಹಳ ಅಪಾಯಕಾರಿ' ಎಂದು ಅದರಲ್ಲೇ ಬರೆದಿದೆ. ಇದು ಕಾದಂಬರಿಕಾರನ ಕಲ್ಪನೆಯ ಕ್ರೌರ್ಯ ಎಂದುಕೊಳ್ಳಬೇಡಿ. 1810ರ ಫ್ರೆಂಚ್ ದಂಡಸಂಹಿತೆಯ 47ನೇ ವಿಧಿಯ ಪ್ರಕಾರ ಕಠಿಣ ದುಡಿಮೆಯ ಸಜೆ ಮುಗಿಸಿ ಬಂದವರು ತಾನೇತಾನಾಗಿ ಜೀವನಪರ್ಯಂತ ಪೊಲೀಸ್ ನಿಗಾಕ್ಕೆ ಒಳಪಡುತ್ತಿದ್ದರು. ಜಾಮೀನು ಕಟ್ಟಲಾಗದವನನ್ನು ಇಂಥ ಊರಿನಲ್ಲೇ ಇರು, ಇಂಥ ಕಡೆ ಕಾಲಿಡಬೇಡ ಎಂದು ಸರ್ಕಾರ ಆಜ್ಞೆ ಮಾಡಬಹುದಿತ್ತು. ಸಜೆಗೆ ಕೊನೆ ಇತ್ತು, ನಿಗಾಕ್ಕೆ ಇರಲಿಲ್ಲ.

1815ರ ಅಕ್ಟೋಬರ್ ಮೊದಲ ವಾರ, ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಅವನು ದೀನ್ಯ್‌ಗೆ ಕಾಲಿಟ್ಟ. ಒಳ್ಳೆಯ ಛತ್ರದವನು ಮೊದಲು ಹೂಂ ಎಂದ. ಹುಡುಗನ ಕೈಲಿ ಪುರಭವನಕ್ಕೆ ಚೀಟಿ ಕಳಿಸಿ ವಿಚಾರಿಸಿಕೊಂಡು ಹೊರಗಟ್ಟಿದ. ಹೆಂಡದಂಗಡಿಯಲ್ಲೂ ಅದೇ. ಸೆರೆಮನೆಯ ಬಾಗಿಲು ತಟ್ಟಿ ಒಂದು ರಾತ್ರಿ ಮಲಗಲು ಜಾಗ ಕೇಳಿದರೆ, ಬಂಧಿತನಾಗಿ ಬಾ, ಆಗ ತೆಗೆಯುತ್ತೇವೆ ಎಂದರು. ಸಂಸಾರಸ್ಥರ ಮನೆಯವನು ಬಂದೂಕು ಎತ್ತಿದ. ಗುಡಿಸಲೆಂದುಕೊಂಡು ನುಸುಳಿದ್ದು ನಾಯಿಗೂಡು, ನಾಯಿಯೂ ಓಡಿಸಿತು. ಕೊನೆಗೆ ಚರ್ಚಿನ ಮುಂದಿನ ಕಲ್ಲುಬೆಂಚಿನ ಮೇಲೆ ಬಿದ್ದವನಿಗೆ ಒಬ್ಬ ಹೆಂಗಸು ನಾಲ್ಕು ಸೂ ಕೊಟ್ಟು, ಆ ಬಾಗಿಲು ತಟ್ಟಿದೆಯಾ ಎಂದು ತೋರಿಸಿದಳು. ಇಡೀ ಕ್ಷಮೆಯ ಕಥೆ ಶುರುವಾಗುವುದು ಹೆಸರು ಕೂಡ ಪೂರ್ತಿ ಹೇಳದ ಆಕೆಯ ಬೆರಳಿನಿಂದ. ಮನಸ್ಸಿದ್ದರೂ ತಾನೇ ಕರೆದೊಯ್ಯಲಾಗದವರು ಮಾಡಬಹುದಾದದ್ದು ಇಷ್ಟಿದೆ.

ಈಗ ಆ ಸಂಜೆಯನ್ನು ನಿಧಾನವಾಗಿ ನೋಡೋಣ. ವಾಲ್ಜಾನ್ ಬಾಗಿಲು ತಳ್ಳಿದವನೇ ತನ್ನ ಹೆಸರು, ಹತ್ತೊಂಬತ್ತು ವರ್ಷ, ಹಳದಿ ಕಾಗದ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಡುತ್ತಾನೆ. ಹೊರಗೆ ಹಾಕುವುದಾದರೆ ಈಗಲೇ ಹಾಕಲಿ ಎಂದು. ಬಿಷಪ್ಪರು ಅವನಿಗೆ ಉತ್ತರ ಕೊಡುವುದಿಲ್ಲ. ಮಾಗ್ಲ್ವಾರ್ ಕಡೆ ತಿರುಗಿ, ಇನ್ನೊಂದು ಎಲೆ ಹಾಕಿ ಎನ್ನುವಂತೆ, ಮೇಜಿಗೆ ಇನ್ನೊಂದು ತಟ್ಟೆ ಇಡಲು ಹೇಳುತ್ತಾರೆ. ಅವನು ಅರ್ಥವಾಗದೆ ಕಾಗದವನ್ನೇ ತೆಗೆದು ಓದಿ ಹೇಳುತ್ತಾನೆ. ಅದಕ್ಕೂ ಉತ್ತರವಿಲ್ಲ, ಒಳಗಿನ ಮಂಚಕ್ಕೆ ಬಿಳಿ ಹೊದಿಕೆ ಹಾಸಿ ಎಂದು ಇನ್ನೊಂದು ಅಪ್ಪಣೆ. ಆಮೇಲೆ ಬೆಂಕಿಯ ಹತ್ತಿರ ಕೂರಿಸಿಕೊಂಡು 'ಮೊಸ್ಯೂ' ಎಂದು ಕರೆಯುತ್ತಾರೆ, ಮರ್ಯಾದಸ್ಥನನ್ನು ಕರೆಯುವ ಹಾಗೆ. ದೀಪ ಮಂಕಾಗಿದೆ ಎಂದು ಬೆಳ್ಳಿಯ ಕಂಬಗಳನ್ನು ತರಿಸಿ ಹೊತ್ತಿಸುತ್ತಾರೆ. ತಟ್ಟೆ, ಹಾಸಿಗೆ, ಬೆಂಕಿ, ಸಂಬೋಧನೆ, ದೀಪ. ಉಪದೇಶ ಎಂದರೆ ಒಂದೆರಡು ಮಾತು, ಅಷ್ಟೇ. ಕ್ಷಮಿಸಿದ್ದೇನೆ ಎಂಬ ಮಾತಂತೂ ಇಡೀ ಪ್ರಸಂಗದಲ್ಲೇ ಬರುವುದಿಲ್ಲ.

ಊಟಕ್ಕೆ ನೀರು, ಎಣ್ಣೆ, ರೊಟ್ಟಿ, ಉಪ್ಪಿನ ಸಾರು. ಸ್ವಲ್ಪ ಮಾಂಸ, ಅಂಜೂರ, ಹಸಿ ಚೀಸು, ದೊಡ್ಡ ರೈ ರೊಟ್ಟಿ. ಮಾಗ್ಲ್ವಾರ್ ತಾನಾಗಿ ಒಂದು ಹಳೆಯ ವೈನ್ ಬಾಟಲಿ ಸೇರಿಸಿದ್ದಾಳೆ. ಅತಿಥಿ ಬಂದ ದಿನ ಆರೂ ಜೊತೆ ಬೆಳ್ಳಿಯನ್ನು ಮೇಜಿನ ಮೇಲೆ ಜೋಡಿಸುವುದು ಆ ಮನೆಯ ಪದ್ಧತಿ. ಅವತ್ತು ಅವಳು ಬೇಕಾದಷ್ಟೇ, ಮೂರೇ ಇಟ್ಟಿದ್ದಳು. ಬಿಷಪ್ಪರು ಕಣ್ಣಾಡಿಸಿ, ಮೇಜಿನ ಮೇಲೆ ಏನೋ ಕಮ್ಮಿಯಾದಂತಿದೆಯಲ್ಲ ಎಂದರು. ಅವಳಿಗೆ ಅರ್ಥವಾಯಿತು, ಉಳಿದ ಮೂರು ಜೊತೆಯೂ ಬಂದು ಹೊಳೆಯುತ್ತ ಕೂತವು. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಜಾಗಗಳು ಕೆಲವೇ ಇವೆ. ಬೇರೆಯವರಿಗೆ ಇಡುವುದನ್ನು ಇವನಿಗೆ ಇಡದಿದ್ದರೆ ಅದೇ ಒಂದು ತೀರ್ಪು. ಹಾಗೆಂದು ಅಪಾಯ ಬಿಷಪ್ಪರಿಗೆ ತಿಳಿಯದ್ದೇನಲ್ಲ. ಕಳ್ಳನೆಂದು ಹೇಳಿಕೊಂಡವನ ಕಣ್ಣೆದುರಿಗೇ ಅವರು ಬೆಳ್ಳಿ ತರಿಸುತ್ತಿದ್ದಾರೆ.

ಊಟದ ಹೊತ್ತಿನ ಮಾತು ಏನು ಗೊತ್ತೇ? ಚೀಸು. ವಾಲ್ಜಾನ್ ಹೋಗುವ ಪೊಂತಾರ್ಲಿಯೆ ಸೀಮೆಯಲ್ಲಿ ಹಾಲಿನ ಕಸುಬು ಹೇಗೆ ನಡೆಯುತ್ತದೆಂದು ಬಿಷಪ್ಪರು ವಿವರಿಸುತ್ತಾರೆ. ಅಲ್ಲಿ ಎರಡು ಬಗೆ. ಶ್ರೀಮಂತರ ದೊಡ್ಡ ಕೊಟ್ಟಿಗೆಗಳಲ್ಲಿ ನಲವತ್ತು ಐವತ್ತು ಹಸು, ಬೇಸಿಗೆಗೆ ಏಳೆಂಟು ಸಾವಿರ ಚೀಸು. ಇನ್ನೊಂದು ಬಡವರದು, ನಡುಬೆಟ್ಟದ ರೈತರು ಹಸುಗಳನ್ನು ಒಟ್ಟುಗೂಡಿಸಿ ಲಾಭ ಹಂಚಿಕೊಳ್ಳುವುದು. ಚೀಸು ಮಾಡುವವನನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆ. ಅವನು ದಿನಕ್ಕೆ ಮೂರು ಸಲ ಹಾಲು ಅಳೆದು, ಕಡ್ಡಿಯ ಮೇಲೆ ಗೀಟು ಹಾಕಿ ಲೆಕ್ಕ ಇಡುತ್ತಾನೆ. ಏಪ್ರಿಲ್ ಕೊನೆಗೆ ಕೆಲಸ ಶುರು, ಜೂನ್ ನಡುವಿಗೆ ಹಸುಗಳು ಬೆಟ್ಟಕ್ಕೆ. ಇದನ್ನೆಲ್ಲ ನಮಗೆ ಹೇಳುವುದು ತಂಗಿ ಬಾತಿಸ್ತೀನ್ ಬರೆದ ಪತ್ರ. ಅಣ್ಣ ಅವನ ಊರು ಕೇಳಲಿಲ್ಲ, ಕಥೆ ಕೇಳಲಿಲ್ಲ, ಮಾಡಿದ ತಪ್ಪನ್ನು ನೆನಪಿಸುವ ಯಾವ ಮಾತನ್ನೂ ಆಡಲಿಲ್ಲ ಎಂದು ಆಕೆ ಗಮನಿಸಿದ್ದಾಳೆ. ಒಮ್ಮೆ ಬೆಟ್ಟದ ಜನರ ಬಗ್ಗೆ ಹೇಳುತ್ತ, 'ಅವರು ಸುಖವಾಗಿದ್ದಾರೆ, ಏಕೆಂದರೆ ನಿರಪರಾಧಿಗಳು' ಎಂದು ಬಾಯಿಗೆ ಬಂದದ್ದೇ, ಆ ಮಾತು ಅವನಿಗೆ ಚುಚ್ಚೀತೆಂದು ಅಲ್ಲಿಗೇ ನಿಲ್ಲಿಸಿಬಿಟ್ಟರಂತೆ. ಮತ್ತೆ ಆ ಚೀಸಿನ ಕಸುಬನ್ನು ಅವರು ಆರಿಸಿಕೊಂಡದ್ದರಲ್ಲೂ ಗುಟ್ಟಿದೆ: ಹಾಗೆ ಮಾಡು ಎಂದು ಹೇಳದೆ, ಅಲ್ಲಿ ಒಂದು ಗೌರವದ ದುಡಿಮೆ ಇದೆ ಎಂದು ದಾರಿ ತೋರಿಸುವುದು.

ಮಲಗುವ ಜಾಗ ಒಳಕೋಣೆ. ಅಲ್ಲಿಗೆ ಹೋಗಬೇಕಾದರೆ ಬಿಷಪ್ಪರ ಕೋಣೆಯನ್ನೇ ದಾಟಬೇಕು. ಅವನು ದಾಟುವ ಹೊತ್ತಿಗೇ ಮಾಗ್ಲ್ವಾರ್ ಬೆಳ್ಳಿಯನ್ನು ಬಿಷಪ್ಪರ ತಲೆದಿಂಬಿನ ಪಕ್ಕದ ಗೂಡಿನಲ್ಲಿ ಇಡುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವನು ಮಂಚ ಕಂಡವನಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಯಿತು. ಯಾಕೆ ಎಂಬುದಕ್ಕೆ ಹ್ಯೂಗೋ ಕೊಡುವ ಕಾರಣ, ಹಾಸಿಗೆ ತೀರ ಚೆನ್ನಾಗಿತ್ತು! ಒಳ್ಳೆಯದು ಮಾಡಿದ್ದೇ ಕೆಡುಕಿಗೆ ಎಬ್ಬಿಸಿತು. ಆ ಬೆಳ್ಳಿಗೆ ಏನಿಲ್ಲವೆಂದರೂ 200 ಫ್ರಾಂಕ್, ತಾನು ಹತ್ತೊಂಬತ್ತು ವರ್ಷದಲ್ಲಿ ಗಳಿಸಿದ್ದರ ಎರಡರಷ್ಟು ಎಂಬ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ಮೂರು ಗಂಟೆ ಹೊಡೆದ ಮೇಲೆ ಎದ್ದ. ತೆಗೆದುಕೊಂಡ, ಗೋಡೆ ಹಾರಿದ.

ಬೆಳಗಾಯಿತು. ಇಲ್ಲಿ ಘಟನೆಗಳ ಅನುಕ್ರಮ ಬಹಳ ಮುಖ್ಯ, ನಾಟಕಗಳಲ್ಲಿ ಇದೇ ಕಳೆದುಹೋಗುವುದು. ಕಳ್ಳ ಖಾಲಿ ಬುಟ್ಟಿಯನ್ನು ಹೂವಿನ ಪಾತಿಗೆ ಎಸೆದು ಹೋಗಿದ್ದಾನೆ. ಬಿಷಪ್ಪರು ಬಗ್ಗಿ, ಬುಟ್ಟಿ ಬಿದ್ದು ಮುರಿದ ಗಿಡವೊಂದನ್ನು ನೋಡುತ್ತ ನಿಟ್ಟುಸಿರು ಬಿಡುತ್ತಿದ್ದಾರೆ. ಮಾಗ್ಲ್ವಾರ್ ಬೆಳ್ಳಿ ಹೋಯಿತೆಂದು ಅರಚಿದಾಗ ಅವರು ಕೇಳುವುದು: ಅದು ನಮ್ಮದಾಗಿತ್ತೇ? ಬಡವರದ್ದನ್ನು ನಾನು ಬಹಳ ಕಾಲ ತಪ್ಪಾಗಿ ಇಟ್ಟುಕೊಂಡಿದ್ದೆ. ಆ ಮನುಷ್ಯ ಯಾರು, ಒಬ್ಬ ಬಡವ ತಾನೇ. ಹಾಗಾದರೆ ಊಟಕ್ಕೆ ಏನು ಮಾಡುವುದು? ಸೀಸ-ತವರದ ಚಮಚ ವಾಸನೆ, ಕಬ್ಬಿಣದ್ದು ರುಚಿ ಕೆಡಿಸುತ್ತದೆ, ಸರಿ, ಮರದ್ದೇ ಆಗಲಿ. ಇಷ್ಟೂ ಮಾತು ಮುಗಿದು, ತಿಂಡಿಗೆ ಕೂತ ಮೇಲೆ ಮೂವರು ಪೊಲೀಸರು ವಾಲ್ಜಾನ್‌ನನ್ನು ಹಿಡಿದು ತರುತ್ತಾರೆ. ಅಂದರೆ ಅವನು ಸಿಕ್ಕಿಬೀಳುತ್ತಾನೆಂದು ತಿಳಿಯುವುದಕ್ಕೆ ಮುಂಚೆಯೇ ಬಿಷಪ್ಪರು ಬೆಳ್ಳಿಯನ್ನು ಬಿಟ್ಟುಕೊಟ್ಟಾಗಿತ್ತು. ಬಿಷಪ್ ಸುಳ್ಳು ಹೇಳಿದರಲ್ಲವೇ ಎಂದು ಕೇಳುವವರು ಈ ಪುಟವನ್ನು ಮತ್ತೊಮ್ಮೆ ಓದಬೇಕು. 'ನಾನು ಕೊಟ್ಟದ್ದು' ಎಂಬ ಮಾತು ರಾತ್ರಿಯ ಮಟ್ಟಿಗೆ ಸುಳ್ಳು, ಬೆಳಗಿನ ಮಟ್ಟಿಗೆ ನಿಜ.

ನನಗೆ ನಿಜಕ್ಕೂ ದಿಟ್ಟ ಸುಳ್ಳೆಂದು ಕಾಣುವುದು ಅದರ ನಂತರದ್ದು. ಪೊಲೀಸರು ಹೋದ ಮೇಲೆ, ಈ ಹಣವನ್ನು ಪ್ರಾಮಾಣಿಕನಾಗಲು ಬಳಸುತ್ತೇನೆಂದು ನನಗೆ ಮಾತು ಕೊಟ್ಟಿದ್ದೀರಿ, ಮರೆಯಬೇಡಿ ಎನ್ನುತ್ತಾರೆ. ಅವನು ಮಾತು ಕೊಟ್ಟಿರಲೇ ಇಲ್ಲ, ಬೆಪ್ಪಾಗಿ ನಿಲ್ಲುತ್ತಾನೆ. ನಿಮ್ಮ ಆತ್ಮವನ್ನು ನಾನು ಕೊಳ್ಳುತ್ತಿದ್ದೇನೆ, ದೇವರಿಗೆ ಒಪ್ಪಿಸುತ್ತಿದ್ದೇನೆ ಎಂಬ ಪ್ರಸಿದ್ಧ ಮಾತು ಬರುವುದು ಇಲ್ಲೇ. ಕ್ಷಮೆ ಇಲ್ಲಿ ಪುಕ್ಕಟೆಯಲ್ಲ. ಅದು ಒಬ್ಬ ಮನುಷ್ಯನ ಮೇಲೆ ಅವನು ಕೇಳದಿದ್ದ ಋಣ ಹೊರಿಸುತ್ತದೆ, ಮುಂದಿನ ಸಾವಿರ ಪುಟ ಅವನು ಅದನ್ನು ಹೊರುತ್ತಾನೆ.

ಆದರೆ ಅದೇ ದಿನ ಸಂಜೆಗೆ ಅವನು ಮತ್ತೆ ಕದಿಯುತ್ತಾನೆ. ಹತ್ತು ವರ್ಷದ ಸವೊಯಾ ಸೀಮೆಯ ಹುಡುಗ ಪೆತಿ-ಜೆರ್ವೆ ನಾಣ್ಯ ಚಿಮ್ಮಿಸುತ್ತ ಬರುವಾಗ 40 ಸೂವಿನ ಬೆಳ್ಳಿ ನಾಣ್ಯವೊಂದು ಉರುಳಿಬರುತ್ತದೆ. ವಾಲ್ಜಾನ್ ಅದರ ಮೇಲೆ ಕಾಲಿಡುತ್ತಾನೆ. ಎರಡೇ ಫ್ರಾಂಕ್. ಚೀಲದಲ್ಲಿ 200 ಫ್ರಾಂಕಿನ ಬೆಳ್ಳಿ ಇರುವವನು! ಹುಡುಗ ಅತ್ತು ಬೇಡಿ ಓಡಿಹೋದ ಮೇಲೆ, ತನ್ನ ಕಾಲಡಿಯ ನಾಣ್ಯ ಕಂಡು ಅವನಿಗೆ ಮೈ ನಡುಗುತ್ತದೆ. ಹುಡುಕಿ ಕೂಗುತ್ತಾನೆ, ಸಿಗುವುದಿಲ್ಲ. ದಾರಿಯಲ್ಲಿ ಬಂದ ಪಾದ್ರಿಗೆ ಬಡವರಿಗೆಂದು ಐದು ಫ್ರಾಂಕಿನ ನಾಣ್ಯಗಳನ್ನು ಕೊಟ್ಟು, ನನ್ನನ್ನು ಹಿಡಿದುಕೊಡಿ, ನಾನು ಕಳ್ಳ ಎನ್ನುತ್ತಾನೆ. ಆಮೇಲೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಳುತ್ತಾನೆ. ಎಷ್ಟೋ ರೂಪಾಂತರಗಳು ಈ ಅಧ್ಯಾಯವನ್ನು ಹಾರಿಸಿ, ದೀಪದ ಕಂಬದಿಂದ ನೇರವಾಗಿ ಸಜ್ಜನನಿಗೆ ಬಂದುಬಿಡುತ್ತವೆ. ಹಾಗೆ ಮಾಡುವುದು ದೊಡ್ಡ ನಷ್ಟ. ಸೆರೆ ಕಲಿಸಿದ ಅಭ್ಯಾಸ ಮನಸ್ಸು ಬದಲಾದ ಕ್ಷಣದಲ್ಲೇ ಕಾಲಿನಿಂದ ಇಳಿದುಹೋಗುವುದಿಲ್ಲ ಎಂದು ಹ್ಯೂಗೋಗೆ ಗೊತ್ತಿತ್ತು. ಉಪಕಾರ ಮಾಡಿದ ಮರುದಿನವೇ ಫಲ ಕಾಣದೆ ಕೈಚೆಲ್ಲುವವರಿಗೆ ಅವನು ಇಲ್ಲಿ ಉತ್ತರ ಕೊಟ್ಟಿದ್ದಾನೆ.

ಮುಂದಿನದ್ದು ಬೇಗ ಹೇಳುತ್ತೇನೆ. ಬೆಳ್ಳಿ ಮಾರಿದ, ಕಂಬಗಳನ್ನು ಉಳಿಸಿಕೊಂಡ. ಅದೇ ವರ್ಷ ಡಿಸೆಂಬರಿನ ಒಂದು ಸಂಜೆ ಮೊಂತ್ರೆಯ್-ಸುರ್-ಮೇರ್ ಊರು ಸೇರುವಾಗ ಪುರಭವನಕ್ಕೆ ಬೆಂಕಿ ಬಿದ್ದಿತ್ತು. ನುಗ್ಗಿ ಪೊಲೀಸ್ ಕ್ಯಾಪ್ಟನ್ನನ ಇಬ್ಬರು ಮಕ್ಕಳನ್ನು ಹೊರತಂದ. ಆ ಗಡಿಬಿಡಿಯಲ್ಲಿ ಯಾರೂ ಕಾಗದ ಕೇಳಲಿಲ್ಲ. ಮದ್‌ಲೆನ್ ಎಂಬ ಹೆಸರಿನಲ್ಲಿ ಕಾರ್ಖಾನೆ ಕಟ್ಟಿದ. ಕಪ್ಪು ಮಣಿಯ ಆಭರಣಕ್ಕೆ ರಾಳದ ಬದಲು ಅರಗು ಬಳಸಿ, ಬಳೆಯ ಕೊಂಡಿಯನ್ನು ಬೆಸೆಯುವ ಬದಲು ಬಗ್ಗಿಸಿ, ಖರ್ಚು ಇಳಿಸಿ ಕೂಲಿ ಏರಿಸಿದ. ಊರಿನ ಮೇಯರ್ ಆದ. ಬಿಷಪ್ಪರ ಕ್ಷಮೆ ಎಷ್ಟು ಕೆಲಸ ಮಾಡಿತೋ, ಹಳದಿ ಕಾಗದವನ್ನು ಆ ಸಂಜೆ ಯಾರೂ ಕೇಳದೆ ಹೋದದ್ದೂ ಅಷ್ಟೇ ಕೆಲಸ ಮಾಡಿತು ಎಂಬುದು ಈ ಭಾಗದ ಕಟು ಸತ್ಯ. 1823ರಲ್ಲಿ ಶಾಂಮಾತಿಯೆ ಎಂಬ ಮುದುಕ ಸೇಬಿನ ಕೊಂಬೆಯೊಂದಿಗೆ ಸಿಕ್ಕಿಬಿದ್ದ. ಬೇರೆಯವನಾಗಿದ್ದರೆ ಚಿಲ್ಲರೆ ಅಪರಾಧ. ಅವನೇ ವಾಲ್ಜಾನ್ ಎಂದು ತಪ್ಪಾಗಿ ಗುರುತಿಸಿದ್ದರಿಂದ ಜೀವಾವಧಿಯ ಭೀತಿ. ಅವನನ್ನು ಉಳಿಸಲು ಮೇಯರ್ ಅರಾಸ್ ನ್ಯಾಯಾಲಯದಲ್ಲಿ ಎದ್ದುನಿಂತು ತಾನೇ ವಾಲ್ಜಾನ್ ಎಂದ. ಎರಡು ಗಂಟೆಯೊಳಗೆ ಊರು ಅವನು ಮಾಡಿದ ಉಪಕಾರವನ್ನೆಲ್ಲ ಮರೆತಿತ್ತು ಎಂದು ಹ್ಯೂಗೋ ಬರೆಯುತ್ತಾನೆ. ಜನ್ಮದಲ್ಲಿ ಸುಳ್ಳಾಡದ ಸನ್ಯಾಸಿನಿ ಸಿಂಪ್ಲೀಸ್ ಅಂದು ಅವನಿಗಾಗಿ ಇನ್ಸ್‌ಪೆಕ್ಟರ್ ಜಾವೇರ್‌ಗೆ ಬೆನ್ನುಬೆನ್ನಿಗೆ ಎರಡು ಸುಳ್ಳು ಹೇಳಿದಳು. ಬಿಷಪ್ಪರ ಮಾತಿನ ಪಕ್ಕದಲ್ಲಿಟ್ಟು ಓದಬೇಕಾದ ಜಾಗ ಅದು.

ಈಗ ಕೊನೆಯ ಭಾಗಕ್ಕೆ ಬರೋಣ. ಇದನ್ನು ನಮ್ಮಲ್ಲಿ ಚರ್ಚಿಸುವುದೇ ಕಡಿಮೆ. 1833ರ ಫೆಬ್ರವರಿ, ವಾಲ್ಜಾನ್ ಸಾಕಿದ ಮಗಳು ಕೊಸೆತ್‌ಗೂ ಮಾರಿಯುಸ್‌ಗೂ ಮದುವೆಯಾಗಿ ಒಂದು ದಿನವಾಗಿದೆ. ವಾಲ್ಜಾನ್ ತಾನಾಗಿ ಅಳಿಯನ ಮುಂದೆ, ನಾನು ಹಳೆಯ ಕೈದಿ ಎಂದು ಬಿಚ್ಚಿಡುತ್ತಾನೆ. ಮಾರಿಯುಸ್ ಕೆಟ್ಟವನಲ್ಲ. ಬಡವರ ಪರ, ಗಣರಾಜ್ಯದ ಪರ ನಿಂತು ಹಿಂದಿನ ವರ್ಷವಷ್ಟೇ ಬೀದಿಕಾಳಗದಲ್ಲಿ ಗುಂಡು ತಿಂದವನು. ಅವನು ಬೈಯುವುದಿಲ್ಲ, ಹೊರಗಟ್ಟುವುದಿಲ್ಲ. ಸಂಜೆ ಬಂದು ಮಗಳನ್ನು ನೋಡಿಹೋಗಲು ಒಪ್ಪುತ್ತಾನೆ. ಜಾಗ ಮಾತ್ರ ನೆಲಮಟ್ಟದ ಕೋಣೆ: ತೇವ, ಕಿಟಕಿಗೆ ಕಬ್ಬಿಣದ ಸರಳು, ಕೆಂಪು ಹೆಂಚಿನ ನೆಲ. ಬೆಂಕಿಗೂಡಿನ ಹತ್ತಿರ ಎರಡು ಕೈಕುರ್ಚಿ. ಕೆಲವು ವಾರ ಹೀಗೇ ನಡೆಯುತ್ತದೆ. ಏಪ್ರಿಲಿನಲ್ಲಿ ಒಂದು ಸಂಜೆ ಬಂದರೆ ಬೆಂಕಿ ಇಲ್ಲ. ಚಳಿ ಎಂದು ಕೊಸೆತ್ ಹೇಳಿದಾಗ, ಬೇಡವೆಂದು ನಾನೇ ಹೇಳಿದ್ದೆ ಎಂದು ಅವನು ಸಾವರಿಸುತ್ತಾನೆ. ಮರುದಿನ ಬೆಂಕಿ ಇದೆ, ಆದರೆ ಕುರ್ಚಿಗಳು ಬಾಗಿಲ ಹತ್ತಿರಕ್ಕೆ ಸರಿದಿವೆ. ಅವನೇ ಎಳೆದು ಬೆಂಕಿಯ ಹತ್ತಿರ ಹಾಕಿಕೊಂಡು ಕೂರುತ್ತಾನೆ. ಇನ್ನೊಂದು ಸಂಜೆ ಕುರ್ಚಿಗಳೇ ಇಲ್ಲ. ಅವತ್ತೂ, ನಾನೇ ತೆಗೆಯಲು ಹೇಳಿದೆ ಎನ್ನುತ್ತಾನೆ. ಮರುದಿನದಿಂದ ಬರುವುದಿಲ್ಲ.

ಬಿಷಪ್ಪರ ಮನೆಯ ಪಟ್ಟಿಯನ್ನು ಇದರ ಎದುರಿಗೆ ಹಿಡಿದು ನೋಡಿ. ಅಲ್ಲಿ ಬೆಂಕಿಯ ಹತ್ತಿರ ಆಸನ, ಇಲ್ಲಿ ಬಾಗಿಲ ಹತ್ತಿರ. ಅಲ್ಲಿ ಕೈದಿಯೆಂದು ಗೊತ್ತಾದ ಮೇಲೆ ಒಂದೊಂದೇ ಸೇರುತ್ತ ಹೋಯಿತು, ಇಲ್ಲಿ ಗೊತ್ತಾದ ಮೇಲೆ ಒಂದೊಂದೇ ಕಳೆಯುತ್ತ ಬಂತು. ಬಿಷಪ್ಪರು ಏನೂ ಕೇಳಲಿಲ್ಲ. ಮಾರಿಯುಸ್ ಕೂಡ ಕೇಳಲಿಲ್ಲ, ಆದರೆ ತನ್ನಷ್ಟಕ್ಕೆ ಊಹೆ ಕಟ್ಟಿಕೊಂಡ: ಇವನು ಮದ್‌ಲೆನ್ ಎಂಬ ಮೇಯರನ್ನು ದೋಚಿದವನು, ಜಾವೇರ್‌ನನ್ನು ಕೊಂದವನು ಎಂದು. ಕೊಸೆತ್‌ಗೆ ಬಂದ ಸುಮಾರು 6 ಲಕ್ಷ ಫ್ರಾಂಕನ್ನೂ ಕಳ್ಳಹಣವೆಂದು ಮುಟ್ಟಲಿಲ್ಲ. ಜಾವೇರ್‌ನನ್ನು ವಾಲ್ಜಾನ್ ಬಿಟ್ಟುಕಳಿಸಿದ್ದ, ಗುಂಡು ತಿಂದು ಬಿದ್ದ ಮಾರಿಯುಸ್‌ನನ್ನೇ ಚರಂಡಿಯ ಸುರಂಗದಲ್ಲಿ ಹೊತ್ತು ತಂದದ್ದೂ ಅವನೇ. ಒಬ್ಬ ಮಾಜಿ ಕೈದಿಯ ಮಟ್ಟಿಗೆ ಸಿದ್ಧಾಂತದಲ್ಲಿ ಉದಾರಿಯಾದವನು ಮನೆಯ ಕೋಣೆಯಲ್ಲಿ ಹೇಗೆ ಸೋಲುತ್ತಾನೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಇನ್ನೊಂದು ಬರಹ ಆ ಕಾಲದ ಫ್ರೆಂಚ್ ಸಾಹಿತ್ಯದಲ್ಲಿ ನನಗೆ ಕಾಣುವುದಿಲ್ಲ.

ಇನ್ನೊಬ್ಬ ಫ್ರೆಂಚ್ ಕಾದಂಬರಿಕಾರ ಬಾಲ್ಜಾಕ್‌ನನ್ನು ಇಲ್ಲಿ ಮರೆಯಬಾರದು. ಹ್ಯೂಗೋಗಿಂತ ಇಪ್ಪತ್ತು ವರ್ಷ ಹಿಂದೆ, 1841ರಲ್ಲಿ ಪುಸ್ತಕವಾಗಿ ಬಂದ ಅವನ 'ಲೆ ಕ್ಯೂರೇ ದ ವಿಲಾಜ್' (ಹಳ್ಳಿಯ ಪಾದ್ರಿ) ಕಾದಂಬರಿಯಲ್ಲಿ ಫರಾಬೆಶ್ ಎಂಬ ದರೋಡೆಕೋರನಿದ್ದಾನೆ. ಊರ ಪಾದ್ರಿ ಬೊನೆ ಮನವೊಲಿಸಿ ಅವನನ್ನು ಶರಣಾಗಿಸುತ್ತಾರೆ. ಸಜೆ ಮುಗಿಸಿ ಬಂದ ಮೇಲೆ ಅವನು ಕಾಡಿನಂಚಿನಲ್ಲಿ ಮಗನೊಂದಿಗೆ ಒಂಟಿಯಾಗಿ ಬದುಕುತ್ತಾನೆ. ಜಮೀನಿನ ಒಡತಿ ವೆರೊನಿಕ್ ಅವನಿಗೆ ಕಾವಲಿನ ಕೆಲಸ ಕೊಡುತ್ತಾಳೆ, ಮಗುವಿನ ತಾಯಿಯನ್ನು ಪ್ಯಾರಿಸ್‌ನಿಂದ ಹುಡುಕಿಸಿ ಕರೆಸುತ್ತಾಳೆ. ಹೊಳೆಯುವ ದೃಶ್ಯವೇನೂ ಇಲ್ಲ. ಆದರೆ ಕೆಲಸ, ಸಂಸಾರ, ತನ್ನ ಹೆಸರಿನಲ್ಲೇ ಅದೇ ಊರಿನಲ್ಲಿ ಬದುಕುವ ಅವಕಾಶ, ಈ ಮೂರೂ ಫರಾಬೆಶ್‌ಗೆ ದಕ್ಕುತ್ತವೆ. ವಾಲ್ಜಾನ್‌ಗೆ ಮೂರನೆಯದು ಕೊನೆಗೂ ದಕ್ಕಲಿಲ್ಲ.

ದಕ್ಕದಿರಲು ಕಾರಣ ಕಾನೂನಿನಲ್ಲೇ ಇತ್ತು. 1808ರ ಫ್ರೆಂಚ್ ಅಪರಾಧ ವಿಚಾರಣಾ ಸಂಹಿತೆಯಲ್ಲಿ ಕಳಂಕ ಕಳೆದುಕೊಳ್ಳಲು ಒಂದು ದಾರಿ ಇತ್ತು. ಸಜೆ ಮುಗಿದು ಐದು ವರ್ಷವಾಗಿರಬೇಕು, ಒಂದೇ ಸೀಮೆಯಲ್ಲಿ ನೆಲೆಸಿರಬೇಕು, ಒಳ್ಳೆಯ ನಡತೆಗೆ ಸ್ಥಳೀಯ ಆಡಳಿತದವರು ಸಾಕ್ಷಿಪತ್ರ ಕೊಡಬೇಕು. ಆಗ ಅರ್ಜಿ ಹಾಕಬಹುದು. ಮೊಂತ್ರೆಯ್‌ನಲ್ಲಿ ವಾಲ್ಜಾನ್ ಏಳು ವರ್ಷ ದಾಟಿಸಿದ್ದ, ಇಡೀ ಊರೇ ಸಾಕ್ಷಿ ಹೇಳುತ್ತಿತ್ತು. ಆದರೆ ಅದೇ ಸಂಹಿತೆಯ ಪ್ರಕಾರ ಎರಡನೇ ಅಪರಾಧಕ್ಕೆ ಶಿಕ್ಷೆಯಾದವರಿಗೆ ಈ ದಾರಿ ಎಂದೆಂದಿಗೂ ಮುಚ್ಚಿತ್ತು. ಬಿಷಪ್ಪರು ಆರು ಜೊತೆ ಬೆಳ್ಳಿಯ ಕಳವನ್ನು ಕಾನೂನಿನ ಕೈಗೆ ಸಿಗದಂತೆ ಮಾಡಿದರು. ಹುಡುಗನ ಎರಡು ಫ್ರಾಂಕ್ ಅವರ ಕೈಯಳತೆಯ ಆಚೆ ಇತ್ತು.

ಆ ಪೊಲೀಸ್ ನಿಗಾ ಪೂರ್ತಿಯಾಗಿ ರದ್ದಾದದ್ದು 1885ರ ಮೇ 27ರ ಕಾನೂನಿನಿಂದ. ಹ್ಯೂಗೋ ಪ್ಯಾರಿಸ್‌ನಲ್ಲಿ ತೀರಿಕೊಂಡು ಆಗ ಐದು ದಿನವಾಗಿತ್ತು, ಅಂತ್ಯಸಂಸ್ಕಾರ ಇನ್ನೂ ಆಗಿರಲಿಲ್ಲ. ಅದೇ ಕಾನೂನು ಇನ್ನೊಂದನ್ನೂ ಜಾರಿಗೆ ತಂದಿತು: ಪದೇ ಪದೇ ಸಣ್ಣ ಕಳವಿಗೆ ಸಿಕ್ಕಿಬಿದ್ದವರನ್ನು ಸಜೆ ಮುಗಿದ ಮೇಲೆ ಗಯಾನಾ ಮತ್ತು ನ್ಯೂ ಕ್ಯಾಲೆಡೋನಿಯಾಗಳಿಗೆ ಶಾಶ್ವತವಾಗಿ ಸಾಗಹಾಕುವುದು.